ಪೈಪಿನೊಳಗಿನ ಜಾಯಿಂಟು

ಊರಿನವರಿಗೆಲ್ಲ ಅವನು ಹಲ್ಲಿ. ಹೆತ್ತವರು ಇಟ್ಟ ಹೆಸರು ಒಂದಿತ್ತು, ಅದು ಯಾವುದೋ ಗುರುತಿನ ಚೀಟಿಯಲ್ಲಿ ಹಾಯಾಗಿ ಮಲಗಿತ್ತು. ಅದನ್ನು ಎಬ್ಬಿಸುವ ಪ್ರಮೇಯ ಯಾರಿಗೂ ಬರುತ್ತಿರಲಿಲ್ಲ. ಕಡ್ಡಿ ಮೈ, ಉದ್ದನೆಯ ಕೈ, ಐವತ್ತೊಂದಕ್ಕೆ ಬಿದ್ದರೂ ಹೊಟ್ಟೆ ಅನ್ನುವುದು ನೆಪಮಾತ್ರಕ್ಕೆ. ಉಳಿದ ವೈರಿಂಗ್ ಕೆಲಸದವರು ಟಾರ್ಚು ಬಿಟ್ಟು ನೋಡಿ, ತಲೆ ಕೆರೆದುಕೊಂಡು, ಕೈಚೆಲ್ಲಿ ಕೂತ ಸಂದುಗಳೊಳಗೆ ಹಲ್ಲಿ ತೂರಿಕೊಳ್ಳುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಜೇಬು ಖಾಲಿ ಮಾಡಬೇಕು, ಬೆಲ್ಟು ಬಿಚ್ಚಬೇಕು, ತಲೆ ಯಾವ ಕಡೆಗೆ ತಿರುಗಿರಬೇಕು ಎಂದು ಹೊರಗಿದ್ದಾಗಲೇ ತೀರ್ಮಾನಿಸಬೇಕು. ಒಳಗೆ ಹೋದ ಮೇಲೆ ಕತ್ತು ತಿರುಗಿಸಲು ಜಾಗ ಇರುವುದಿಲ್ಲ. ಉಸಿರನ್ನು ಪೂರ್ತಿ ಬಿಟ್ಟು ಒಂದು ಗೇಣು ಸರಿಯಬೇಕು, ನಿಂತು ಚೂರು ಎಳೆದುಕೊಳ್ಳಬೇಕು, ಮತ್ತೆ ಬಿಟ್ಟು ಸರಿಯಬೇಕು. ಹೆದರಿದರೆ ಮೈ ಉಬ್ಬುತ್ತದೆ ಎನ್ನುವುದು ಅವನ ಸಿದ್ಧಾಂತ.

ಅವನಿಗೆ ಇನ್ನೊಂದು ಅಡ್ಡಹೆಸರೂ ಇತ್ತು: ಮೂರ್ಸಲ. ಇದನ್ನು ಅವನ ಎದುರಿಗೆ ಹೇಳುತ್ತಿದ್ದವಳು ಹೆಂಡತಿ ಒಬ್ಬಳೇ. ಯಾವ ಸ್ಕ್ರೂ ಆದರೂ ಸರಿ, ಬಿಗಿ ಮಾಡಿದ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಮೂರು ಸಲ ತಿರುಗಿಸಿ ನೋಡುವುದು ಅವನ ಅಭ್ಯಾಸ. ಕೆಲಸದಲ್ಲಾದರೆ ಅದು ಒಳ್ಳೆಯದೇ. ಮನೆಯಲ್ಲಿ ಗ್ಯಾಸಿನ ನಾಬ್, ನಲ್ಲಿ, ನೀರಿನ ಬಾಟಲಿಯ ಮುಚ್ಚಳ, ಕೊನೆಗೆ ಉಪ್ಪಿನ ಡಬ್ಬಿಗೂ ಅದೇ ಶಿಕ್ಷೆ. "ನಮ್ಮನೇಲಿ ಸಾರಿಗೆ ಉಪ್ಪು ಹಾಕ್ಬೇಕಂದ್ರೆ ಪೈಲ್ವಾನನ್ನ ಕರೆಸ್ಬೇಕು" ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಆ ಅಭ್ಯಾಸ ಎಲ್ಲಿಂದ ಬಂತು ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಹಾಗಾಗಿ ನಗು ಒಂದು ಹಂತದಲ್ಲಿ ತಾನಾಗಿಯೇ ನಿಲ್ಲುತ್ತಿತ್ತು.

ಅದು ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಹಲ್ಲಿ ಮತ್ತು ಅವನ ಅಣ್ಣ ಸೇರಿ ಅಂಗಡಿ ಇಟ್ಟಿದ್ದರು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ "ಅಣ್ಣ ತಮ್ಮ ಎಲೆಕ್ಟ್ರಿಕಲ್ಸ್" ಎಂದಿತ್ತು. ಇಬ್ಬರಿಗೂ ಲೈಸೆನ್ಸು. ಸಪೂರ ಇದ್ದ ತಮ್ಮ ಮೇಲೆ, ದಪ್ಪ ಇದ್ದ ಅಣ್ಣ ಕೆಳಗೆ. ಒಬ್ಬ ಟೀಚರಮ್ಮನ ಮನೆಗೆ ಮೀಟರ್ ಬೋರ್ಡಿನಿಂದ ಅಟ್ಟದವರೆಗೆ ಗೋಡೆಯೊಳಗೆ ಕಬ್ಬಿಣದ ಪೈಪು ಹಾಕಿ ವೈರು ಎಳೆದುಕೊಟ್ಟರು. ಅಣ್ಣ ಕೆಳಗಿನಿಂದ ವೈರು ತೂರಿಸಿದ, ಹಲ್ಲಿ ಅಟ್ಟದ ಸಂದಿನೊಳಗೆ ತೂರಿ ಕೂತು ಎಳೆದ, ಪೈಪಿನ ಬಾಯಿಗೆ ಬಾಕ್ಸು ಕೂರಿಸಿ ವೈರು ಹಿಡಿಯುವ ಸ್ಕ್ರೂ ಬಿಗಿ ಮಾಡಿದ. ಮುಗಿದ ಕೆಲಸದ ಕಾಗದದಲ್ಲಿ ಅಟ್ಟದ ಕೆಲಸಕ್ಕೆ ತಮ್ಮನ ಸಹಿ, ಕೆಳಗಿನದಕ್ಕೆ ಅಣ್ಣನ ಸಹಿ.

ಮೂರು ವಾರಕ್ಕೆ ಆ ಅಟ್ಟಕ್ಕೆ ಬೆಂಕಿ ಬಿತ್ತು. ಬಾಕ್ಸು ಇದ್ದ ಮೂಲೆಯಿಂದಲೇ ಶುರುವಾಗಿ ಅರ್ಧ ಚಾವಣಿ ಹೋಯಿತು. ಟೀಚರಮ್ಮ ತೀರಿಹೋದ ಗಂಡನ ಪುಸ್ತಕದ ಪೆಟ್ಟಿಗೆ ಎಳೆಯಲು ಹೋಗಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟುಕೊಂಡರು. ವಿಚಾರಣೆಗೆ ಬಂದ ಅಧಿಕಾರಿ ಕರಗಿಹೋದ ಬಾಕ್ಸನ್ನು ಪೆನ್ನಿನ ತುದಿಯಿಂದ ಕುಕ್ಕಿ, "ಸ್ಕ್ರೂ ಸಡಿಲ ಇತ್ತು" ಎಂದು ಬರೆದುಕೊಂಡ. ಹಲ್ಲಿಗೆ ಬಿಗಿ ಮಾಡಿದ ನೆನಪು ಕಣ್ಣಿಗೆ ಕಟ್ಟಿದ ಹಾಗಿತ್ತು. ಎರಡನೆಯ ದಿನಕ್ಕೆ ಅದು ಮಸುಕಾಯಿತು. ಅಣ್ಣ ಅವನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, "ಸಂದಿನಲ್ಲಿ ಎರಡು ಗಂಟೆ ಮುದುಡಿ ಕೂತಿದ್ದೆ, ಕೈ ಸೋತಿತ್ತು ನಿಂಗೆ. ಮರ್ತಿರ್ತೀಯ. ಒಪ್ಕೊಂಬಿಡೋ, ನಾನಿದ್ದೀನಿ" ಎಂದಿದ್ದ. ಹಲ್ಲಿ ಒಪ್ಪಿಕೊಂಡ. ಅವನ ಲೈಸೆನ್ಸು ಹೋಯಿತು. ಮದುವೆಗೆ ಮಾತಾಗಿದ್ದ ಹೆಣ್ಣಿನ ಮನೆಯವರು ಸದ್ದಿಲ್ಲದೆ ಹಿಂದೆ ಸರಿದರು. ಈಗಿನ ಹೆಂಡತಿ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಅಣ್ಣ ಮಾತ್ರ ಕೈಬಿಡಲಿಲ್ಲ. ಹಾಗೆಂದು ಊರೂ ಹೇಳಿತು, ಹಲ್ಲಿಯೂ ಹೇಳಿಕೊಂಡು ತಿರುಗಿದ. ಬೋರ್ಡಿನಲ್ಲಿ "ತಮ್ಮ" ಎನ್ನುವುದರ ಮೇಲೆ ಬಣ್ಣ ಬಳಿದರು. ಹೊಸ ಬಣ್ಣ ಹಳೆಯದಕ್ಕಿಂತ ಒಂದು ಚೂರು ಗಾಢವಾಗಿ ಬಂದು, ಆ ಜಾಗದಲ್ಲಿ ಏನೋ ಇತ್ತು ಎನ್ನುವುದು ಬೀದಿಯಲ್ಲಿ ಹೋಗುವ ಎಲ್ಲರಿಗೂ ತಿಳಿಯುತ್ತಿತ್ತು. ಕೆಲಸ ಹಲ್ಲಿಯದು, ಸಹಿ ಅಣ್ಣನದು. ಹದಿನೆಂಟು ವರ್ಷ ಹೀಗೇ ನಡೆಯಿತು. ಅಣ್ಣನ ಮೇಲೆ ಯಾರಾದರೂ ಒಂದು ಮಾತು ಎತ್ತಿದರೆ ಹಲ್ಲಿ ಜಗಳಕ್ಕೇ ನಿಲ್ಲುತ್ತಿದ್ದ. "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡ ಮನುಷ್ಯ ಕಣ್ರೋ ಅವನು" ಎನ್ನುತ್ತಿದ್ದ. ಟೀಚರಮ್ಮನ ಬೀದಿಗೆ ಮಾತ್ರ ಆವತ್ತಿನಿಂದ ಕಾಲಿಟ್ಟಿರಲಿಲ್ಲ. ಸುತ್ತು ಹಾಕಿಕೊಂಡೇ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಆ ಟೀಚರಮ್ಮನೇ ಅಂಗಡಿಗೆ ಬಂದರು. ಈಗ ಕೋಲು ಹಿಡಿದಿದ್ದರು. ಮಗಳು ಅಟ್ಟದಲ್ಲಿ ಹೊಲಿಗೆ ಕೆಲಸ ಶುರು ಮಾಡುತ್ತಿದ್ದಾಳೆ, ಆರು ಮೆಷೀನು, ಇಸ್ತ್ರಿ, ದಪ್ಪ ಲೈನು ಬೇಕು. ಬೆಂಕಿಯ ನಂತರ ಯಾರೋ ಹೊರಗೋಡೆಯ ಮೇಲೆ ಎಳೆದುಕೊಟ್ಟಿದ್ದ ತೆಳುವಾದ ಲೈನಿಗೆ ಕರೆಂಟಿನ ಇಲಾಖೆಯವರು ಒಪ್ಪುತ್ತಿಲ್ಲ, ಗೋಡೆಯೊಳಗಿಂದಲೇ ಬರಬೇಕಂತೆ.

"ಮೂರು ಜನ ಬಂದು ನೋಡಿ ಹೋದ್ರಪ್ಪ. ಒಬ್ಬ ಸಂದಿನಲ್ಲಿ ಸಿಕ್ಕಿಹಾಕ್ಕೊಂಡು, ಕಾಲು ಹಿಡಿದು ಎಳೆಯೋಕೆ ನಮ್ಮ ಮಗಳೇ ಹತ್ತಬೇಕಾಯ್ತು" ಎಂದರು. "ಅಲ್ಲಿಗೆ ಹೋಗೋನು ನೀನೊಬ್ಬನೇ."

ಹಲ್ಲಿ ಅವರ ಕೈಯನ್ನೇ ನೋಡುತ್ತಿದ್ದ. ಚರ್ಮ ಸುಕ್ಕು ಸುಕ್ಕಾಗಿ ಹೊಳೆಯುತ್ತಿತ್ತು. "ನನ್ನನ್ನೇ ಕರೀತೀರಾ ಅಮ್ಮ?" ಎಂದ.

"ಕೈ ತಪ್ಪೋದು ಯಾರಿಗಿಲ್ಲ? ನಾನು ಎಷ್ಟು ಮಕ್ಕಳ ತಪ್ಪು ಲೆಕ್ಕ ತಿದ್ದಿಲ್ಲ" ಎಂದು ನಕ್ಕು ಹೋದರು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಅಣ್ಣ ಅವರು ಮರೆಯಾದ ಕೂಡಲೇ ಹೊರಬಂದ. "ಬೇಡ ಕಣೋ, ಆ ಮನೆ ಸಹವಾಸ" ಎಂದ. ಹಲ್ಲಿ ಅಲ್ಲಾಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅಣ್ಣನ ಮಾತಿಗೆ ಅಡ್ಡ ನಿಂತ. ಆ ಅಟ್ಟದಲ್ಲಿ ಒಂದು ಸಲ ಸರಿಯಾಗಿ ಕೆಲಸ ಮಾಡಿ ಬಂದರೆ ತನ್ನ ಕೈಯ ಮೇಲೆ ತನಗೆ ಮತ್ತೆ ನಂಬಿಕೆ ಬರಬಹುದು ಎನ್ನುವ ಆಸೆ ಅವನಿಗೆ. ಅದನ್ನು ಬಿಡಿಸಿ ಹೇಳಲು ಬಾರದೆ, "ಹೋಗ್ಲೇಬೇಕು ಅಣ್ಣ" ಎಂದಷ್ಟೇ ಹೇಳಿದ. ಅಣ್ಣ, "ಸರಿ, ಕೆಳಗಡೆ ನಾನೇ ನಿಲ್ತೀನಿ. ಆದ್ರೆ ಹಳೇ ಪೈಪು ಮುಟ್ಟಬೇಡ. ಅದು ಸುಟ್ಟು ಹಾಳಾಗಿದೆ. ತೊಲೆ ಪಕ್ಕದಲ್ಲಿ ಹೊಸದು ಇಳಿಸೋಣ" ಎಂದ. ಹಲ್ಲಿಗೆ ಅದರಲ್ಲಿ ಕಂಡದ್ದು ಕಾಳಜಿ.

ಹೆಂಡತಿಗೆ ಇದು ಹಿಡಿಸಲಿಲ್ಲ. "ಮೂವತ್ತಮೂರರಲ್ಲಿ ತೂರಿದ ಸಂದಿಗೆ ಐವತ್ತೊಂದರಲ್ಲಿ ತೂರ್ತೀರಾ? ಸಿಕ್ಕಾಕ್ಕೊಂಡ್ರೆ ನಾನು ಊಟ ತಗೊಂಡು ಅಟ್ಟಕ್ಕೆ ಬರ್ಬೇಕಾ?" ಎಂದಳು. ಹಾಗೆಂದರೂ ಕೆಲಸದ ಅಂಗಿಯ ಗುಂಡಿಗಳನ್ನು ಕಿತ್ತು ಒಳಬದಿಗೆ ಹೊಲಿದುಕೊಟ್ಟಳು, ಸಂದಿನಲ್ಲಿ ಎಲ್ಲೂ ಸಿಕ್ಕದಿರಲಿ ಎಂದು.

ಆ ಮನೆಯ ಅಟ್ಟ ಮೆಟ್ಟಿಲು ಹತ್ತಿದ ಕೂಡಲೇ ವಿಶಾಲವಾಗಿಯೇ ಇದೆ. ಆದರೆ ಗೋಡೆಯ ಪೈಪು ಬಂದು ತೆರೆದುಕೊಳ್ಳುವುದು ಆಚೆ ಮೂಲೆಯಲ್ಲಿ, ಮೆಟ್ಟಿಲಿನ ಗೋಡೆಯ ಹಿಂದೆ. ಅಲ್ಲಿಗೆ ಹೋಗಬೇಕಾದರೆ ಗೋಡೆಗೂ ಇಳಿಜಾರು ಚಾವಣಿಗೂ ನಡುವೆ ಒಂಬತ್ತು ಅಡಿ ಉದ್ದದ ಸಂದು. ಎತ್ತರ ಒಂದು ಗೇಣು ನಾಲ್ಕು ಬೆರಳು. ಹಲ್ಲಿ ಜೇಬು ಖಾಲಿ ಮಾಡಿದ, ಬೆಲ್ಟು ಬಿಚ್ಚಿದ, ತಲೆಯನ್ನು ಎಡಕ್ಕೆ ತಿರುಗಿಸಿ ಹೊಟ್ಟೆಯ ಮೇಲೆ ಒಳಗೆ ಸರಿದ. ಕೆನ್ನೆ ಒರಟು ಗಾರೆಗೆ ಉಜ್ಜುತ್ತಿತ್ತು. ನಡುವೆ ಒಂದು ಕಡೆ ಬೆನ್ನು ಕಚ್ಚಿಕೊಂಡಿತು. ಹೆದರಿದರೆ ಉಬ್ಬುತ್ತೀಯ ಎಂದು ತನಗೆ ತಾನೇ ಬೈದುಕೊಂಡು, ಇದ್ದ ಉಸಿರನ್ನೆಲ್ಲ ಬಿಟ್ಟು, ಕಾಲಿನ ಹೆಬ್ಬೆರಳಿನಿಂದ ನೂಕಿಕೊಂಡ. ದಾಟಿದ. ಆಚೆ ಬದಿಯಲ್ಲಿ ಒಬ್ಬ ಮಂಡಿ ಮಡಚಿ ಕೂರುವಷ್ಟು ಜಾಗ. ಕರಿ ಹಿಡಿದ ತೊಲೆ ಈಗಲೂ ಹಾಗೇ ಇತ್ತು.

ತೊಲೆಯ ಪಕ್ಕ ನೋಡಿದ. ಹೊಸ ಪೈಪು ಇಳಿಸುವುದಿರಲಿ, ಅಲ್ಲಿ ಬೆರಳೂ ತೂರುತ್ತಿರಲಿಲ್ಲ. ಕೆಳಗಿನಿಂದ ಕೇಬಲ್ ಬರಲು ಇದ್ದದ್ದು ಹಳೆಯ ಪೈಪು ಒಂದೇ ದಾರಿ. ಒಂದೂಕಾಲು ಇಂಚಿನ ಗಟ್ಟಿ ಪೈಪು, ಬಾಯಿ ಮಾತ್ರ ಕಪ್ಪಾಗಿತ್ತು, ಒಳಗೆ ಏನೂ ಆಗಿರಲಿಲ್ಲ. ಸತ್ತ ವೈರುಗಳು ಹದಿನೆಂಟು ವರ್ಷದಿಂದ ಒಳಗೇ ಇದ್ದವು. ಕೆಳಗಿನ ತುದಿ ಕತ್ತರಿಸಿದ ಮೇಲೆ ಯಾರೂ ಅವುಗಳ ಗೋಜಿಗೆ ಹೋಗಿರಲಿಲ್ಲ. ಅವನ್ನು ಎಳೆದು ಹಾಕಿದರೆ ಹೊಸ ಕೇಬಲ್ ಸಲೀಸಾಗಿ ಬರುತ್ತದೆ. ಅಣ್ಣನಿಗೆ ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡು ಹಲ್ಲಿ ಇಕ್ಕಳದಲ್ಲಿ ಸುಟ್ಟ ತುದಿಗಳನ್ನು ಹಿಡಿದು ಎಳೆಯತೊಡಗಿದ.

ಕೆಂಪು ವೈರಿನ ತುದಿ ಕರಗಿ ಗುಂಡಾಗಿತ್ತು. ಕಪ್ಪು ವೈರು ಅದರ ಜೊತೆ ಬಂತು. ಒಂದೂವರೆ ಅಡಿ ಬಂದದ್ದೇ ಪೈಪಿನ ಬಾಯಲ್ಲಿ ಏನೋ ತಡೆಯಿತು. ಗಟ್ಟಿಯಾಗಿ ಎಳೆದ. ಕಪ್ಪು ವೈರಿನ ನಡುವೆ ಬೆರಳು ಗಾತ್ರದ ಒಂದು ಟೇಪಿನ ಉಂಡೆ ಹೊರಬಂತು.

ಜಾಯಿಂಟು. ಪೈಪಿನೊಳಗೆ ಜಾಯಿಂಟು.

ಈ ಕೆಲಸ ಕಲಿಯುವವನಿಗೆ ಮೊದಲ ದಿನ ಹೇಳುವ ಮಾತೇ ಅದು: ವೈರು ಸಾಲದಿದ್ದರೆ ಹೊಸದು ತಾ, ಪೈಪಿನೊಳಗೆ ಮಾತ್ರ ಜಾಯಿಂಟು ಹಾಕಬೇಡ. ಬಿಸಿಯಾದರೆ ಯಾರಿಗೂ ಕಾಣುವುದಿಲ್ಲ. ಹಲ್ಲಿ ಅದನ್ನು ಟಾರ್ಚಿಗೆ ಹಿಡಿದ. ಟೇಪಿನ ಸುತ್ತು ಎಡಕ್ಕೆ ಓರೆಯಾಗಿತ್ತು. ಬಲಗೈಯವರು ಸುತ್ತಿದರೆ ಆ ಕಡೆ ವಾಲುವುದಿಲ್ಲ. ಕೊನೆಯ ತುದಿಯನ್ನು ಮತ್ತೆ ಬಿಚ್ಚಲು ಸುಲಭವಾಗಲಿ ಎಂದು ಪುಟ್ಟ ಕಿವಿಯ ಹಾಗೆ ಮಡಚಿತ್ತು. ಹಾಗೆ ಮಡಚುವ ಎಡಚ ಈ ಊರಿನಲ್ಲಿ ಒಬ್ಬನೇ. ಅವನು ಈಗ ಕೆಳಗೆ ಮೀಟರ್ ಬೋರ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ.

ಎರಡೂ ವೈರಿನ ಜಾಯಿಂಟು ಒಂದೇ ಕಡೆ ಬಂದರೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ಅಣ್ಣ ಒಂದನ್ನು ಮೇಲೆ, ಒಂದನ್ನು ಕೆಳಗೆ ಹಾಕಿದ್ದ. ಮೇಲಿನ ಕೆಂಪು ವೈರಿನದು ಬಾಕ್ಸಿನ ಹಿಂದೆ, ನಾಲ್ಕು ಬೆರಳು ಒಳಗೆ ಇದ್ದಿರಬೇಕು. ಅದೇ ಕಾದು ಬಾಕ್ಸನ್ನು ಸುಟ್ಟು ಸ್ಕ್ರೂ ಸಡಿಲಿಸಿತ್ತು. ಹಲ್ಲಿಗೆ ಆ ದಿನ ಇಡಿಯಾಗಿ ನೆನಪಾಯಿತು. ಎಳೆಯುತ್ತಿದ್ದಾಗ ಕೈಗೆ ಏನೋ ತಡೆದಿತ್ತು. ಅವನು ಕೂಗಿ ಹೇಳಿದ್ದ. ಅಣ್ಣ ಉತ್ತರವನ್ನೂ ಕೊಟ್ಟಿದ್ದ.

ಅವರಿಬ್ಬರ ನಡುವೆ ಒಂದು ರೂಢಿ ಇತ್ತು. ಪೈಪಿಗೆ ಒಂದು ಬಡಿತ ಎಂದರೆ ಎಳಿ, ಎರಡು ಎಂದರೆ ನಿಲ್ಲಿಸು, ಮೂರು ಎಂದರೆ ಪೈಪಿನ ಬಾಯಿಗೆ ಕಿವಿ ಕೊಡು, ಮಾತಾಡಬೇಕು. ಹಲ್ಲಿ ವೈರನ್ನು ಪೂರ್ತಿ ಎಳೆದು ಹಾಕಿ, ಇಕ್ಕಳದಿಂದ ಪೈಪಿಗೆ ಮೂರು ಸಲ ಬಡಿದ.

"ಏನೋ?" ಅಣ್ಣನ ದನಿ ಪೈಪಿನಲ್ಲಿ ಹತ್ತಿರದಿಂದ ಕೇಳಿತು.

"ಹಳೇ ವೈರು ಎಳೆದುಬಿಟ್ಟೆ ಅಣ್ಣ."

"ಮುಟ್ಟಬೇಡ ಅಂದಿದ್ನಲ್ಲೋ!"

"ಒಳಗೆ ಜಾಯಿಂಟ್ ಇದೆ."

ಪೈಪಿನಲ್ಲಿ ಮಾತಷ್ಟೇ ಬರುವುದಿಲ್ಲ, ಉಸಿರೂ ಬರುತ್ತದೆ. ಅಣ್ಣನ ಉಸಿರು ನಿಂತದ್ದು ಹಲ್ಲಿಗೆ ಕೇಳಿಸಿತು.

"ಆಮೇಲೆ ಯಾವನೋ ಮಾಡಿರ್ಬೇಕು" ಎಂದ ಅಣ್ಣ.

"ಆಮೇಲೆ ಇದಕ್ಕೆ ಯಾರೂ ಕೈ ಹಾಕಿಲ್ಲ. ಟೇಪು ಎಡಕ್ಕೆ ಸುತ್ತಿದೆ. ತುದಿ ಮಡಚಿದೆ."

ಅಣ್ಣನ ದನಿ ಸಣ್ಣದಾಗಿ ಬಂತು. "ವೈರು ಎರಡು ಮೊಳ ಕಮ್ಮಿ ಬಿತ್ತು ಕಣೋ. ಅಳತೆ ತಪ್ಪಿತ್ತು. ವೈರು ಮಾರೋ ಅಂಗಡಿ ಬೇರೆ ಮುಚ್ಚಿತ್ತು. ನೀನು ಅಲ್ಲಿ ಬೆವರಲ್ಲಿ ನೆಂದು ಕೂತಿದ್ದೆ. ಬೇಗ ಮುಗೀಲಿ ಅಂತ..."

"ತಡೀತಿದೆ ಅಂದೆ ನಾನು."

"ಅಂದೆ."

"ಪೈಪು ಅಲ್ಲಿ ಬಾಗಿದೆ ಕಣೋ, ಎಳಿ ಅಂದೆ ನೀನು."

ಕೆಳಗೆ ಸ್ಟೂಲು ಸರಿದ ಸದ್ದು ಪೈಪಿನಲ್ಲಿ ಬಂತು.

"ಬೆಂಕಿ ಬಿದ್ದಾಗ ನಿಂಗೆ ಗೊತ್ತಾಯ್ತಾ, ಇದ್ರಿಂದಾನೇ ಅಂತ?"

"ಗೊತ್ತಾಯ್ತು."

"ಆವತ್ತೇ?"

"ಆವತ್ತೇ. ನಿಂಗೆ ಹಿಂದೆ ಮುಂದೆ ಯಾರೂ ಇರ್ಲಿಲ್ಲ ಕಣೋ. ನಂಗೆ ಮೂರು ಮಕ್ಕಳು. ಇಬ್ಬರ ಲೈಸೆನ್ಸೂ ಹೋಗಿದ್ರೆ ಇಬ್ರೂ ಬೀದಿಗೆ ಬೀಳ್ತಿದ್ವಿ. ಒಂದಾದ್ರೂ ಉಳೀಲಿ ಅಂತ ಮಾಡ್ದೆ. ಆಮೇಲೆ ನಿನ್ನನ್ನ ಕೈಬಿಟ್ನಾ? ಹೇಳು, ಬಿಟ್ನಾ?"

ಹಲ್ಲಿ ಪೈಪಿನ ಬಾಯಿಗೆ ತುಟಿ ತಾಗಿಸಿಕೊಂಡು ಕೂತಿದ್ದ. ಕಬ್ಬಿಣ ತಣ್ಣಗಿತ್ತು. ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದು ಕೊಯ್ದವನಿಗೆ ಇಷ್ಟು ಸುಲಭವಾಗಿ, ಲೆಕ್ಕ ಒಪ್ಪಿಸಿದಂತೆ ಹೇಳಲು ಬರುತ್ತದೆ ಎಂದು ಅವನು ಎಣಿಸಿರಲಿಲ್ಲ.

"ಒಂದು ಮಾತು ಕೇಳಿದ್ದಿದ್ರೆ ನಾನೇ ಹೊತ್ಕೋತಿದ್ದೆ ಅಣ್ಣ" ಎಂದ. "ನಿನ್ನ ಮಕ್ಕಳಿಗೋಸ್ಕರ ಅಂದಿದ್ರೆ ನಗ್ತಾ ಹೊತ್ಕೋತಿದ್ದೆ. ನೀನು ಕೇಳ್ಲಿಲ್ಲ. ಮರ್ತಿರ್ತೀಯ ಅಂದೆ. ಹದಿನೆಂಟು ವರ್ಷ ನನ್ನ ಕೈನೇ ನಾನು ನಂಬಲಿಲ್ಲ."

ಕೆಳಗಿನಿಂದ ಏನೋ ಗೊಣಗು ಕೇಳಿಸಿತು. ಹಲ್ಲಿ ಕೇಳಿಸಿಕೊಳ್ಳಲಿಲ್ಲ. ವೈರು ಎಳೆಯುವ ಉದ್ದನೆಯ ಸ್ಪ್ರಿಂಗನ್ನು ಪೈಪಿನೊಳಗೆ ಇಳಿಬಿಟ್ಟ. ಅದು ಕೆಳಗೆ ಮುಟ್ಟಿದ ಮೇಲೆ ಅಣ್ಣ ಕೇಬಲಿನ ತುದಿ ಕಟ್ಟಿ ಒಂದು ಬಡಿತ ಬಡಿದ. ಹಲ್ಲಿ ಎಳೆದ. ಅಲ್ಲಿಂದ ಮುಂದೆ ಇಬ್ಬರ ನಡುವೆ ಬಡಿತ ಬಿಟ್ಟರೆ ಮಾತಿಲ್ಲ. ಮೂವತ್ತು ವರ್ಷದಲ್ಲಿ ಅಣ್ಣ ಕಳಿಸಿದ ವೈರನ್ನು ಅವನು ಒಮ್ಮೆಯೂ ಪರೀಕ್ಷೆ ಮಾಡಿದವನಲ್ಲ. ಈಗ ಕೇಬಲ್ ಹೊರಬಂದ ಹಾಗೆ ಒಂದೊಂದು ಅಂಗುಲವನ್ನೂ ಬೆರಳಿನಿಂದ ಸವರಿ ಸವರಿ ನೋಡಿದ. ಹೊಸ ಬಾಕ್ಸು ಕೂರಿಸಿದ. ಸ್ಕ್ರೂ ಬಿಗಿ ಮಾಡಿದ. ಒಂದು, ಎರಡು, ಮೂರು.

ಕೆಳಗೆ ಇಳಿದಾಗ ಅವನ ಒಂದು ಕೆನ್ನೆ ತರಚಿ ಕೆಂಪಾಗಿತ್ತು. ಅಣ್ಣ ಬೋರ್ಡಿನ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಹಲ್ಲಿ ಜಾಯಿಂಟಿದ್ದ ತುಂಡನ್ನು ಕತ್ತರಿಸಿ ತಂದಿದ್ದ. ಅದನ್ನು ಅಣ್ಣನ ಎಡಗೈಯಲ್ಲಿಟ್ಟ. "ನೀನೇ ಹೇಳು ಅವರಿಗೆ" ಎಂದ. ಆ ಹೊತ್ತಿಗೆ ಸರಿಯಾಗಿ ಟೀಚರಮ್ಮ ಕೋಲು ಊರಿಕೊಂಡು ಎರಡು ಲೋಟ ನೀರು ಹಿಡಿದ ಮಗಳನ್ನು ಮುಂದೆ ಬಿಟ್ಟುಕೊಂಡು ಬಂದರು.

"ಏನಪ್ಪ ಅದು ಕೈಯಲ್ಲಿ?" ಎಂದು ಅಣ್ಣನನ್ನು ಕೇಳಿದರು.

ಅಣ್ಣ ತಮ್ಮನ ಮುಖ ನೋಡಿದ. ಒಂದು ಕ್ಷಣ ಹೇಳಿಯೇಬಿಡುತ್ತಾನೆ ಎಂದು ಹಲ್ಲಿಗೆ ಅನಿಸಿತು. ಹದಿನೆಂಟು ವರ್ಷ ಹೋಗಲಿ, ಈಗೊಂದು ಮಾತು ಸಾಕಾಗಿತ್ತು ಅವನಿಗೆ.

"ಏನಿಲ್ಲಮ್ಮ, ಹಳೇ ವೈರು" ಎಂದು ಅಣ್ಣ ಅದನ್ನು ಜೇಬಿಗೆ ಹಾಕಿಕೊಂಡ.

ನೀರಿನ ಲೋಟ ಹಲ್ಲಿಯ ಕೈಯಲ್ಲಿತ್ತು. ಮೊದಲನೆಯ ಸಲ ಅಣ್ಣ ಕೆಳಗೆ ಕೂತು ಕಾಣದ ಹಾಗೆ ಮಾಡಿದ್ದ, ಈಗ ಕಣ್ಣೆದುರಿಗೇ ಮಾಡಿದ. ಹಲ್ಲಿ ಲೋಟವನ್ನು ಮೆಟ್ಟಿಲ ಮೇಲಿಟ್ಟು, "ಅಮ್ಮಾ, ಆವತ್ತು ಆ ಸ್ಕ್ರೂ ನಾನು ಬಿಗಿ ಮಾಡಿದ್ದೆ" ಎಂದ. ದನಿ ಎಲ್ಲಿಂದಲೋ ಬಂದ ಹಾಗೆ ಬಂತು. "ಬಿಗಿಯಾಗೇ ಇತ್ತು."

ಟೀಚರಮ್ಮ ಅವನನ್ನು ನೋಡಿದರು, ಆಮೇಲೆ ಅಣ್ಣನನ್ನು. ಅಣ್ಣನ ಎಡಗೈ ಜೇಬಿನಿಂದ ಹೊರಗೆ ಬರಲಿಲ್ಲ. ಅವರ ಇನ್ನೊಂದು ಕೈ ತಾನಾಗಿಯೇ ಸುಟ್ಟ ಕೈಯನ್ನು ಸವರುತ್ತಿತ್ತು.

ಹಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಗೇಟಿನಾಚೆ ನಿಂತು ಚಪ್ಪಲಿ ಸರಿ ಮಾಡಿಕೊಳ್ಳುತ್ತ ಕಾದ. ಚಪ್ಪಲಿ ಸರಿಯಾಗಿಯೇ ಇತ್ತು. ಎರಡು ನಿಮಿಷವೂ ಆಗಿರಲಿಲ್ಲ, ಅಣ್ಣ ಬಂದ.

"ಹೇಳಿದ್ಯಾ?"

ಅಣ್ಣ ರಸ್ತೆಯ ಆಚೆ ಬದಿ ನೋಡುತ್ತ, "ನಾಳೆನೇ ಪೇಂಟರನ್ನ ಕರೆಸ್ತೀನಿ ಕಣೋ. ಬೋರ್ಡಲ್ಲಿ ತಮ್ಮ ಅಂತ ಮತ್ತೆ ಬರೆಸ್ತೀನಿ" ಎಂದ.

ಅಂಗಡಿಯ ಬೀಗದ ಕೈ ಹಲ್ಲಿಯ ಬಳಿ ಒಂದಿತ್ತು, ಅದನ್ನು ಅಣ್ಣನ ಅಂಗಿಯ ಜೇಬಿಗೆ ಹಾಕಿ ನಡೆದುಬಿಟ್ಟ. ಆ ಬೀದಿಯಲ್ಲೇ, ನೆಟ್ಟಗೆ, ಸುತ್ತು ಹಾಕದೆ.

ಮನೆಯಲ್ಲಿ ಹೆಂಡತಿ ಕೇಳಿ ಕೆಂಡವಾದಳು. ಬಾವನನ್ನು ಬಾಯಿಗೆ ಬಂದ ಹಾಗೆ ಬೈದಳು, ಬೈದು ಸುಸ್ತಾಗಿ ಅತ್ತಳು, ಕೆನ್ನೆಗೆ ಎಣ್ಣೆ ಹಚ್ಚಿದಳು. "ನೀವು ತಪ್ಪೇ ಮಾಡಿರ್ಲಿಲ್ಲ" ಎಂದು ನಾಲ್ಕಾರು ಸಲ ಹೇಳಿದಳು, ಅವನಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವ ಹಾಗೆ. ಊಟವಾಯಿತು. ಅವನು ಒಲೆ ಆರಿಸಿ, ನಾಬ್ ತಿರುಗಿಸಿ ಮುಚ್ಚಿದ. ಮುಚ್ಚಿದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲವರೆಗೆ ಹೋದ. ನಿಂತ. ಹಿಂದಕ್ಕೆ ಬಂದು ನಾಬ್ ಹಿಡಿದು ತಿರುಗಿಸಿ ನೋಡಿದ, ಒಂದು, ಎರಡು.

"ಇನ್ನೂ ಯಾಕ್ರೀ?" ಹೆಂಡತಿ ಮೆಲ್ಲಗೆ ಕೇಳಿದಳು. "ನಿಮ್ಮ ಕೈ ತಪ್ಪಿರ್ಲಿಲ್ಲ ಅಂತ ಗೊತ್ತಾಯ್ತಲ್ಲ."

"ನಂಗೆ ಗೊತ್ತಾಯ್ತು ಕಣೇ" ಎಂದ ಹಲ್ಲಿ. "ಕೈಗೆ ಗೊತ್ತಾಗ್ಬೇಕಲ್ಲ."

ಎರಡು ಸಲ ಆಗಿತ್ತು. ಮೂರನೆಯ ಸಲ ತಿರುಗಿಸಿ ನೋಡಿದ.